ಅನುಮಾನದ ಎರಡು ಅರ್ಥಗಳು: ಗ್ರಂಥಾಲಯದ ಪತ್ತೇದಾರಿಣಿಯ ಕಥನ

ಕನ್ನಡದಲ್ಲಿ ‘ಅನುಮಾನ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ದಿನಬಳಕೆಯ ಮಾತಿನಲ್ಲಿ ಅದು ಸಂಶಯ, ಶಂಕೆ. ನ್ಯಾಯದರ್ಶನದಲ್ಲಿ ಅದು ಪ್ರಮಾಣಗಳಲ್ಲೊಂದು: ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಕಾಣದ್ದನ್ನು ಖಚಿತವಾಗಿ ತಿಳಿಯುವ ಕ್ರಮ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅದರ ಸುಪರಿಚಿತ ನಿದರ್ಶನ. ಪತ್ತೇದಾರಿ ಕಾದಂಬರಿಯ ನಡಿಗೆಯೆಲ್ಲ ಮೊದಲನೆಯ ಅರ್ಥದ ಅನುಮಾನದಿಂದ ಎರಡನೆಯ ಅರ್ಥದ ಅನುಮಾನದ ಕಡೆಗೆ ಸಾಗುವ ನಡಿಗೆಯೇ ಆಗಿದೆ. ಆರಂಭದಲ್ಲಿ ಎಲ್ಲರ ಮೇಲೂ ಅನುಮಾನ. ಕೊನೆಯಲ್ಲಿ ಒಬ್ಬರ ವಿಷಯದಲ್ಲಿ ಮಾತ್ರ ಅನುಮಾನಸಿದ್ಧವಾದ ನಿರ್ಣಯ. ಈ ದಾರಿಯನ್ನು ಸ್ಪಷ್ಟವಾಗಿ ತೋರಿಸಬಲ್ಲ ಒಂದು ಉಪಪ್ರಕಾರವೆಂದರೆ ಗ್ರಂಥಾಲಯದ ತರುಣ ಸಿಬ್ಬಂದಿಯೊಬ್ಬಳು ಕೊಲೆಯ ರಹಸ್ಯವನ್ನು ಬಿಡಿಸುವ ‘ಕೋಜಿ’ ಕಾದಂಬರಿ.

ಕೋಜಿ ಎಂಬ ಪ್ರಕಾರ

ಇಂಗ್ಲಿಷಿನ ‘ಕೋಜಿ’ ಎಂಬ ಪದಕ್ಕೆ ಬೆಚ್ಚಗಿನ, ಹಾಯಾದ ಎಂಬ ಅರ್ಥವಿದೆ. ಕೊಲೆಯ ಕಥೆಗೆ ಈ ವಿಶೇಷಣ ವಿಚಿತ್ರವೆನಿಸಬಹುದು. ಆದರೆ ಪ್ರಕಾರದ ಲಕ್ಷಣಗಳನ್ನು ಗಮನಿಸಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಇಲ್ಲಿ ಕಥೆ ನಡೆಯುವುದು ಚಿಕ್ಕ ಊರಿನಲ್ಲಿ. ಅಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ. ಹಿಂಸೆ ಬಹುಮಟ್ಟಿಗೆ ನೇಪಥ್ಯದಲ್ಲಿ ನಡೆಯುತ್ತದೆ. ರಕ್ತದ ವರ್ಣನೆಗೆ ಅವಕಾಶ ಕಡಿಮೆ. ಪತ್ತೇದಾರಿಕೆ ಮಾಡುವವರು ಪೊಲೀಸರಲ್ಲ, ಸಾಮಾನ್ಯ ನಾಗರಿಕರು. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಈ ಬಗೆಯ ಪಾತ್ರಗಳ ಹಿರಿಯಕ್ಕನಿದ್ದಂತೆ. ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯ ಈ ವೃದ್ಧೆ, ಊರಿನ ಜನರ ಸ್ವಭಾವವನ್ನು ಬಲ್ಲವಳಾದುದರಿಂದಲೇ ಅಪರಾಧಿಯ ಸ್ವಭಾವವನ್ನೂ ಗುರುತಿಸುತ್ತಾಳೆ.

ಗ್ರಂಥಾಲಯಕ್ಕೂ ಪತ್ತೇದಾರಿ ಕಥೆಗೂ ಇರುವ ನಂಟು ಪ್ರಕಾರದ ಹುಟ್ಟಿನಷ್ಟೇ ಹಳೆಯದು. ಆಧುನಿಕ ಪತ್ತೇದಾರಿ ಕಥೆಯ ಮೊದಲ ಮಾದರಿಯೆಂದು ಪರಿಗಣಿತವಾಗಿರುವ ಎಡ್ಗರ್ ಅಲನ್ ಪೋನ 1841ರ ಕಥೆಯಲ್ಲಿ ನಿರೂಪಕನಿಗೂ ಪತ್ತೇದಾರ ಡುಪಿನ್‌ಗೂ ಪರಿಚಯವಾಗುವುದು ಪ್ಯಾರಿಸಿನ ಒಂದು ಗ್ರಂಥಾಲಯದಲ್ಲಿ. ಇಬ್ಬರೂ ಒಂದೇ ಅಪರೂಪದ ಪುಸ್ತಕವನ್ನು ಹುಡುಕುತ್ತಿರುತ್ತಾರೆ. 1878ರಲ್ಲಿ ಪ್ರಕಟವಾದ ಆನ್ನಾ ಕ್ಯಾಥರಿನ್ ಗ್ರೀನ್ ಅವರ ‘ದಿ ಲೆವೆನ್‌ವರ್ತ್ ಕೇಸ್’ ಕಾದಂಬರಿಯಲ್ಲಿ ಶ್ರೀಮಂತನೊಬ್ಬ ತನ್ನ ಮನೆಯ ಗ್ರಂಥಾಲಯದಲ್ಲೇ ಕೊಲೆಯಾಗುತ್ತಾನೆ. 1942ರ ಹೊತ್ತಿಗೆ ‘ಗ್ರಂಥಾಲಯದಲ್ಲಿ ಹೆಣ’ ಎಂಬುದು ಎಷ್ಟು ಸವೆದ ಕಥಾಸೂತ್ರವಾಗಿತ್ತೆಂದರೆ, ಕ್ರಿಸ್ಟಿ ಅದನ್ನೇ ತಮ್ಮ ಕಾದಂಬರಿಯ ಶೀರ್ಷಿಕೆಯಾಗಿಸಿಕೊಂಡು ಸವೆದುದಕ್ಕೆ ಹೊಸ ಜೀವ ಕೊಟ್ಟರು. ಮುಂದೆ ಗ್ರಂಥಾಲಯ ಕೊಲೆ ನಡೆಯುವ ಸ್ಥಳವಾಗಿ ಮಾತ್ರ ಉಳಿಯಲಿಲ್ಲ. ಅಲ್ಲಿ ದುಡಿಯುವವಳೇ ಪತ್ತೇದಾರಿಣಿಯಾದಳು.

ವೃತ್ತಿಯೇ ವಿಧಾನ

ಗ್ರಂಥಾಲಯದ ಸಿಬ್ಬಂದಿ ಈ ಕೆಲಸಕ್ಕೆ ತಕ್ಕವಳಾಗುವುದು ಹೇಗೆ? ಅವಳ ನಿತ್ಯದ ಕೆಲಸವನ್ನು ನೋಡಿದರೆ ಉತ್ತರ ಸಿಗುತ್ತದೆ. ಮರಳಿ ಬಂದ ಪುಸ್ತಕವನ್ನು ಅದರ ಸ್ಥಾನದಲ್ಲೇ ಇಡುವುದು, ತಪ್ಪು ಜಾಗದಲ್ಲಿರುವುದನ್ನು ಗುರುತಿಸುವುದು, ಪುಟಗಳ ನಡುವೆ ಉಳಿದುಹೋದ ಚೀಟಿಯನ್ನು ತೆಗೆದಿಡುವುದು, ಯಾರು ಯಾವ ಪುಸ್ತಕವನ್ನು ಎಂದು ಒಯ್ದರೆಂದು ದಾಖಲಿಸುವುದು. ಸಾವಿರಾರು ಪುಸ್ತಕಗಳು ಸರಿಯಾಗಿರುವ ಕಪಾಟುಗಳಲ್ಲಿ ತಪ್ಪಿರುವ ಒಂದು ಪುಸ್ತಕ ಅವಳ ಕಣ್ಣಿಗೆ ಬೀಳುತ್ತದೆ. ಸುಳಿವು ಎಂದರೆ ಇದೇ: ಕ್ರಮದ ನಡುವೆ ಕಾಣುವ ಕ್ರಮಭಂಗ. ಕ್ರಮವನ್ನು ಅರಿಯದವರಿಗೆ ಕ್ರಮಭಂಗವೂ ಕಾಣದು.

ಗ್ರಂಥಾಲಯ ವಿಜ್ಞಾನದ ಇನ್ನೊಂದು ಮುಖವೂ ಇಲ್ಲಿ ಪ್ರಸ್ತುತ. ಬೆಂಗಳೂರಿನಲ್ಲಿ 1962ರಲ್ಲಿ ದಾಖಲೀಕರಣ ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಎಸ್.ಆರ್. ರಂಗನಾಥನ್ ಅವರು ಯಾವ ವಿಷಯವನ್ನಾದರೂ ಐದು ಮೂಲವರ್ಗಗಳ ನೆರವಿನಿಂದ ವಿಂಗಡಿಸಬಹುದೆಂದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಅವರ ಉದ್ದೇಶ ಗ್ರಂಥಗಳ ವರ್ಗೀಕರಣವೇ ಹೊರತು ಅಪರಾಧಗಳ ಶೋಧನೆಯಲ್ಲ. ಆದರೂ ಪತ್ತೇದಾರಿಣಿ ಕೇಳುವ ಪ್ರಶ್ನೆಗಳು ಇವುಗಳಿಗೆ ಹತ್ತಿರವಾಗಿಯೇ ಇವೆ: ಯಾರು, ಯಾವುದರಿಂದ, ಏನು ಮಾಡಿದರು, ಎಲ್ಲಿ, ಯಾವಾಗ? ವರ್ಗೀಕರಣದಲ್ಲಿ ಪಳಗಿದ ಮನಸ್ಸು ಒಂದು ಘಟನೆಯನ್ನೂ ಅದರ ಅಂಶಗಳಾಗಿ ಬಿಡಿಸಿ ನೋಡಬಲ್ಲದು.

ಜೊತೆಗೆ ಒಂದು ಸಾಮಾಜಿಕ ಸಂಗತಿಯೂ ಇದೆ. ಮೇಜಿನ ಹಿಂದೆ ಕುಳಿತು ಮುದ್ರೆಯೊತ್ತುವ ತರುಣಿಯನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಅವಳ ಎದುರಿನಲ್ಲಿ ಜನ ಎಚ್ಚರದಪ್ಪಿ ಮಾತನಾಡುತ್ತಾರೆ. ಅಧಿಕಾರವಿಲ್ಲದವಳ ಅರಿವು ಅಧಿಕಾರವುಳ್ಳವರ ಅರಿವನ್ನು ಮೀರುವುದು ಈ ಪ್ರಕಾರದ ಮುಖ್ಯ ಆಕರ್ಷಣೆಗಳಲ್ಲೊಂದು.

‘ರಿಯಲ್ ಮರ್ಡರ್ಸ್’: ಒಂದು ನಿದರ್ಶನ

ಅಮೆರಿಕದ ಲೇಖಕಿ ಚಾರ್ಲೇನ್ ಹ್ಯಾರಿಸ್ ಅವರ ‘ರಿಯಲ್ ಮರ್ಡರ್ಸ್’ (1990) ಈ ಉಪಪ್ರಕಾರದ ಜನಪ್ರಿಯ ಕೃತಿಗಳಲ್ಲೊಂದು. ಜಾರ್ಜಿಯಾ ರಾಜ್ಯದ ಲಾರೆನ್ಸ್‌ಟನ್ ಎಂಬ ಕಲ್ಪಿತ ಪಟ್ಟಣದ ಗ್ರಂಥಾಲಯದಲ್ಲಿ ದುಡಿಯುವ ಅರೋರಾ ಟೀಗಾರ್ಡನ್ ಇದರ ನಾಯಕಿ ಮತ್ತು ನಿರೂಪಕಿ. ಹಳೆಯ ಕೊಲೆ ಪ್ರಕರಣಗಳನ್ನು ಚರ್ಚಿಸುವ ಹವ್ಯಾಸಿಗಳ ಕೂಟವೊಂದಕ್ಕೆ ಅವಳು ಸದಸ್ಯೆ. ಒಂದು ಸಂಜೆ ಅವಳು 1931ರ ವಾಲೇಸ್ ಪ್ರಕರಣದ ಬಗ್ಗೆ ಮಾತನಾಡಬೇಕಾಗಿರುತ್ತದೆ. ಸಭೆ ನಡೆಯುವ ಕಟ್ಟಡದಲ್ಲೇ ಸದಸ್ಯೆಯೊಬ್ಬಳ ಶವ, ಅದೇ ಪ್ರಕರಣವನ್ನು ಅನುಕರಿಸಿದ ರೀತಿಯಲ್ಲಿ ಅವಳಿಗೆ ಕಾಣುತ್ತದೆ. ಮುಂದಿನ ಅಪರಾಧಗಳೂ ಹಳೆಯ ಪ್ರಕರಣಗಳ ಪ್ರತಿಗಳಾಗುತ್ತ ಹೋಗುತ್ತವೆ.

ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಅಪರಾಧವೇ ಒಂದು ಪಠ್ಯ. ಅದು ಹಿಂದಿನ ಪಠ್ಯವನ್ನು ಉಲ್ಲೇಖಿಸುವ ಪಠ್ಯ. ಆದುದರಿಂದ ಅದನ್ನು ಓದಬಲ್ಲವಳು ಮೂಲವನ್ನು ಓದಿದವಳು ಮಾತ್ರ. ಓದೇ ಇಲ್ಲಿ ಪತ್ತೇದಾರಿಕೆಯ ಸಾಧನ. ಆದರೆ ಕೃತಿಯು ಆ ಹವ್ಯಾಸವನ್ನು ಪ್ರಶ್ನಿಸುತ್ತದೆ ಕೂಡ. ಅನ್ಯರ ಸಾವನ್ನು ಸಂಜೆಯ ವಿನೋದವಾಗಿ ಚರ್ಚಿಸುತ್ತಿದ್ದ ಕೂಟದವರೇ ಈಗ ಬಲಿಪಶುಗಳೂ ಶಂಕಿತರೂ ಆಗುತ್ತಾರೆ. ಕೋಜಿ ಓದುಗನ ಹಾಯಾದ ಕುರ್ಚಿಗೂ ಆ ಪ್ರಶ್ನೆ ತಟ್ಟುತ್ತದೆ.

ವಾಲೇಸ್ ಪ್ರಕರಣ ಮತ್ತು ಹೇತ್ವಾಭಾಸ

ಕಾದಂಬರಿಯ ಹಿಂದಿರುವ ನೈಜ ಪ್ರಕರಣವನ್ನು ತಿಳಿದರೆ ಅನುಮಾನದ ಎರಡು ಅರ್ಥಗಳ ನಡುವಿನ ಅಂತರ ಎಷ್ಟು ಅಪಾಯಕಾರಿಯೆಂಬುದು ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವಿಲಿಯಂ ಹರ್ಬರ್ಟ್ ವಾಲೇಸ್ ವಿಮಾ ಕಂಪನಿಯೊಂದರ ಏಜೆಂಟ್. 1931ರ ಜನವರಿ 19ರಂದು ಅವನ ಚೆಸ್ ಕ್ಲಬ್ಬಿಗೆ ಕ್ವಾಲ್ಟ್ರೋ ಎಂಬ ಹೆಸರಿನವನಿಂದ ದೂರವಾಣಿ ಕರೆ ಬಂತು: ಮರುದಿನ ಸಂಜೆ ಒಂದು ವಿಳಾಸಕ್ಕೆ ಬರಬೇಕೆಂಬ ಸಂದೇಶ. ವಾಲೇಸ್ ಹೋದ, ಅಂಥ ವಿಳಾಸವೇ ಇರಲಿಲ್ಲ. ಮನೆಗೆ ಮರಳಿದಾಗ ಹೆಂಡತಿ ಜೂಲಿಯಾ ಕೊಲೆಯಾಗಿದ್ದಳು.

ಆ ಕರೆಯನ್ನು ಗಂಡನೇ ಮಾಡಿ ತನ್ನ ಗೈರುಹಾಜರಿಗೆ ಸಾಕ್ಷ್ಯ ಸೃಷ್ಟಿಸಿಕೊಂಡನೆಂದು ಪ್ರಾಸಿಕ್ಯೂಷನ್ ವಾದಿಸಿತು. ಗಂಡನನ್ನು ಮನೆಯಿಂದ ಹೊರಗೆ ಕಳುಹಿಸಲು ಕೊಲೆಗಾರನೇ ಆ ಕರೆ ಮಾಡಿರಬಹುದೆಂಬುದೂ ಅಷ್ಟೇ ಸಂಭಾವ್ಯ. ಇದು ನ್ಯಾಯಶಾಸ್ತ್ರ ಹೇಳುವ ‘ಸವ್ಯಭಿಚಾರ’ ಹೇತ್ವಾಭಾಸಕ್ಕೆ ಒಪ್ಪುವ ಉದಾಹರಣೆ: ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಕಾಣಿಸಿಕೊಳ್ಳುವ ಹೇತು ಏನನ್ನೂ ಸಿದ್ಧಪಡಿಸದು. ಹೊಗೆಗೆ ಬೆಂಕಿಯೊಡನೆ ವ್ಯಾಪ್ತಿಯುಂಟು. ಆ ಕರೆಗೆ ಗಂಡನ ಅಪರಾಧದೊಡನೆ ವ್ಯಾಪ್ತಿಯಿಲ್ಲ. ಹೀಗಿದ್ದರೂ ಜ್ಯೂರಿ ಅವನನ್ನು ಅಪರಾಧಿಯೆಂದಿತು, ಮರಣದಂಡನೆ ವಿಧಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವು ಸಾಕ್ಷ್ಯವು ತೀರ್ಪಿಗೆ ಆಧಾರವಾಗದೆಂದು ಕಂಡು ಶಿಕ್ಷೆಯನ್ನು ರದ್ದುಗೊಳಿಸಿತು. ವಾಲೇಸ್ 1933ರಲ್ಲಿ ತೀರಿಕೊಂಡ. ಜೂಲಿಯಾಳ ಕೊಲೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಕೋಜಿ ಕಾದಂಬರಿ ಓದುಗರಿಗೆ ಕೊಡುವ ಭರವಸೆ ಇದಕ್ಕೆ ತದ್ವಿರುದ್ಧ: ಕೊನೆಯ ಅಧ್ಯಾಯದಲ್ಲಿ ಸತ್ಯ ತಿಳಿದೇ ತಿಳಿಯುತ್ತದೆ. ಈ ಭರವಸೆಗೆ ಬೆಲೆ ಬರಬೇಕಾದರೆ ಲೇಖಕ ನ್ಯಾಯವಾಗಿ ಆಡಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಪಟ್ಟಿ ಮಾಡಿದ ಹತ್ತು ನಿಯಮಗಳ ತಿರುಳು ಇದೇ. ಅತಿಮಾನುಷ ಶಕ್ತಿ, ಆಕಸ್ಮಿಕದ ನೆರವು, ಕಾರಣವಿಲ್ಲದ ಒಳದನಿ ಇವು ಸಲ್ಲವು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ದಾರಿ ತಪ್ಪಿಸುವ ಸುಳಿವನ್ನು ಇಡಬಹುದು; ಆದರೆ ಅದು ಹೇತುವಲ್ಲ, ಹೇತ್ವಾಭಾಸವೆಂದು ಎಚ್ಚರದ ಓದುಗನು ಗುರುತಿಸಲು ಸಾಧ್ಯವಿರಬೇಕು. ಕಾವ್ಯಾರ್ಥವೂ ಅನುಮಾನದಿಂದಲೇ ತಿಳಿಯುವುದೆಂದು ‘ವ್ಯಕ್ತಿವಿವೇಕ’ದಲ್ಲಿ ಧ್ವನಿವಾದವನ್ನು ಎದುರಿಸಿದ ಮಹಿಮಭಟ್ಟನ ವಾದ ಕಾವ್ಯಕ್ಕೆ ಎಷ್ಟು ಸಲ್ಲುತ್ತದೆಂಬುದು ಚರ್ಚಾಸ್ಪದ. ಪತ್ತೇದಾರಿ ಕಥೆಗೆ ಮಾತ್ರ ಅದು ಸಲೀಸಾಗಿ ಅನ್ವಯಿಸುತ್ತದೆ.

ವಹಿಯನ್ನು ತೆರೆಯಬಹುದೇ?

ಗ್ರಂಥಾಲಯದ ಪತ್ತೇದಾರಿಣಿಗೆ ಇನ್ನೊಬ್ಬ ಪತ್ತೇದಾರನಿಗಿಲ್ಲದ ಒಂದು ಧರ್ಮಸಂಕಟವಿದೆ. ಅವಳ ಕೈಯಲ್ಲಿರುವ ಅತ್ಯಂತ ಬಲವಾದ ಸಾಧನ ಎರವಲು ವಹಿ. ವಿಷಗಳ ಕುರಿತ ಪುಸ್ತಕವನ್ನು ಯಾರು ಒಯ್ದರೆಂಬುದು ಅದರಲ್ಲಿದೆ. ಆದರೆ ಓದುಗನ ವಿವರಗಳನ್ನು ಗೋಪ್ಯವಾಗಿಡುವುದು ಅವಳ ವೃತ್ತಿಧರ್ಮ. ಅಮೆರಿಕದ ಗ್ರಂಥಾಲಯ ಸಂಘವು 1939ರ ನೀತಿಸಂಹಿತೆಯಲ್ಲೇ ಇದನ್ನು ಸೇರಿಸಿತ್ತು. ತರ್ಕದ ದೃಷ್ಟಿಯಿಂದಲೂ ಆ ವಹಿ ದುರ್ಬಲ ಆಧಾರ. ವಿಷದ ಪುಸ್ತಕವನ್ನು ಕೊಲೆಗಾರ ಓದಬಹುದು. ವೈದ್ಯ, ರೈತ, ವಿದ್ಯಾರ್ಥಿ, ಪತ್ತೇದಾರಿ ಕಾದಂಬರಿ ಬರೆಯಲು ಹೊರಟವನೂ ಓದಬಹುದು. ಮತ್ತೆ ಅದೇ ಸವ್ಯಭಿಚಾರ. ಓದಿದ ಪುಸ್ತಕದಿಂದ ಓದುಗನ ಅಪರಾಧವನ್ನು ಊಹಿಸುವ ಊರಿನಲ್ಲಿ ಯಾರೂ ನಿರ್ಭಯವಾಗಿ ಓದಲಾರರು. ಉತ್ತಮ ಕೋಜಿ ಕಾದಂಬರಿಯನ್ನು ಸಾಧಾರಣದಿಂದ ಬೇರ್ಪಡಿಸಲು ಇದೊಂದು ಒರೆಗಲ್ಲು: ನಾಯಕಿ ವಹಿಯನ್ನು ತೆರೆಯುವ ಮುನ್ನ ಕೃತಿ ಒಂದು ಕ್ಷಣವಾದರೂ ತಡೆಯುತ್ತದೆಯೇ?

ಕನ್ನಡದ ಸಂದರ್ಭ

ಕನ್ನಡದಲ್ಲಿ ಎಂ. ರಾಮಮೂರ್ತಿ, ಎನ್. ನರಸಿಂಹಯ್ಯ ಮೊದಲಾದವರು ಪತ್ತೇದಾರಿ ಕಾದಂಬರಿಗೆ ದೊಡ್ಡ ಓದುಗವರ್ಗವನ್ನು ಸೃಷ್ಟಿಸಿದರು. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಮನೆಮಾತಾದ ಪಾತ್ರ. ಈ ಕೃತಿಗಳು ಬಹುಪಾಲು ಓದುಗರಿಗೆ ತಲುಪಿದ್ದು ದಿನಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಪುಟ್ಟ ವಾಚನಾಲಯಗಳ ಮೂಲಕ. ಅಂದರೆ ಕನ್ನಡ ಪತ್ತೇದಾರಿ ಸಾಹಿತ್ಯಕ್ಕೂ ಗ್ರಂಥಾಲಯಕ್ಕೂ ಕಥೆಯ ಹೊರಗೆ ಗಾಢವಾದ ಸಂಬಂಧವಿದೆ. ಅದು ಕಥೆಯ ಒಳಗೆ ಬರಲು ಇನ್ನೂ ವಿಪುಲ ಅವಕಾಶವಿದೆ. ಗಡಿನಾಡಿನ ವಾಚನಾಲಯಗಳು ಇದಕ್ಕೆ ವಿಶೇಷವಾಗಿ ತಕ್ಕ ತಾಣಗಳು. ಒಂದೇ ಮೇಜಿನ ಸುತ್ತ ಕನ್ನಡ, ಮಲಯಾಳ, ತುಳು ಮಾತನಾಡುವವರು ಕುಳಿತಲ್ಲಿ ಒಂದು ಉಚ್ಚಾರ, ಒಂದು ಬಂಧುವಾಚಕ, ಚೀಟಿಯೊಂದರ ಲಿಪಿ ಕೂಡ ಸುಳಿವಾಗಬಲ್ಲದು. ಆದರೆ ಭಾಷೆಯನ್ನು ಸುಳಿವಾಗಿ ಬಳಸುವಾಗ ಅದು ಶಂಕೆಯಾಗದಂತೆ ನೋಡಿಕೊಳ್ಳುವ ಹೊಣೆಯೂ ಬರಹಗಾರನದು. ‘ಅವನ ಮಾತು ಬೇರೆ, ಆದುದರಿಂದ ಅವನೇ ಕಳ್ಳ’ ಎಂಬುದು ಅನುಮಾನದ ಮೊದಲ ಅರ್ಥದಲ್ಲೇ ನಿಂತುಬಿಡುವ ಬುದ್ಧಿ. ಅಲ್ಲಿಂದ ಎರಡನೆಯ ಅರ್ಥಕ್ಕೆ ಓದುಗನನ್ನು ಕೈಹಿಡಿದು ಕರೆದೊಯ್ಯುವುದೇ ಒಳ್ಳೆಯ ಪತ್ತೇದಾರಿ ಕಥೆಯ ಕೆಲಸ.

ಅಭ್ಯಾಸಕ್ಕೆ ಪ್ರಶ್ನೆಗಳು

1. ‘ಸುಳಿವು ಎಂದರೆ ಕ್ರಮದ ನಡುವೆ ಕಾಣುವ ಕ್ರಮಭಂಗ’ ಎಂಬ ಮಾತನ್ನು ನೀವು ಓದಿದ ಒಂದು ಪತ್ತೇದಾರಿ ಕಥೆಯ ಆಧಾರದಿಂದ ವಿವೇಚಿಸಿ.

2. ವಾಲೇಸ್ ಪ್ರಕರಣದ ದೂರವಾಣಿ ಕರೆ ಏಕೆ ಸದ್ಧೇತುವಾಗಲಾರದು? ವ್ಯಾಪ್ತಿಯ ಪರಿಕಲ್ಪನೆಯ ನೆರವಿನಿಂದ ಉತ್ತರಿಸಿ.

3. ಎರವಲು ವಹಿಯನ್ನು ಪತ್ತೇದಾರಿಕೆಗೆ ಬಳಸುವುದರ ಪರವಾಗಿಯೂ ವಿರೋಧವಾಗಿಯೂ ಒಂದೊಂದು ಪುಟದ ವಾದವನ್ನು ಬರೆಯಿರಿ.

4. ನಿಮ್ಮ ಊರಿನ ವಾಚನಾಲಯವನ್ನು ಸ್ಥಳವಾಗಿರಿಸಿಕೊಂಡು ಒಂದು ರಹಸ್ಯಕಥೆಯ ಮೊದಲ ಅಧ್ಯಾಯವನ್ನು ರಚಿಸಿ. ಅದರಲ್ಲಿ ಒಂದು ಹೇತುವೂ ಒಂದು ಹೇತ್ವಾಭಾಸವೂ ಇರಲಿ. ಎರಡೂ ಓದುಗನ ಕಣ್ಣೆದುರಿಗೇ ಇರಲಿ.