ಕಾಂಗೇಯಂ ಹೋರಿಯ ಬೂದುಬಣ್ಣಕ್ಕೆ ಕಪ್ಪು ಕೊನೆಗಿರಲಿ

ಪ್ರಶ್ನೆ: ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬಿಡಿಸಲು ಈಗಷ್ಟೇ ಕಲಿಯುತ್ತಿದ್ದೇನೆ. ಕಾಂಗೇಯಂ ಹೋರಿ ಬರೆದರೆ ಮೈಯೆಲ್ಲ ಮಸಿ ಬಳಿದಂತೆ ಕಾಣುತ್ತದೆ. ದುಬಾರಿ ಪೆನ್ಸಿಲ್ ಕೊಳ್ಳಬೇಕೆ?
— ಓದುಗರು, ತಿರುಪ್ಪೂರು

ಉತ್ತರ: ಪೆನ್ಸಿಲ್ ಬದಲಿಸುವ ಮೊದಲು ಕೈಯ ಒತ್ತಡ ಬದಲಿಸಿ. ಬಣ್ಣದ ಪೆನ್ಸಿಲಿನ ಕಡ್ಡಿಯಲ್ಲಿರುವುದು ಮೇಣ ಇಲ್ಲವೆ ಎಣ್ಣೆಯ ಅಂಟಿನಲ್ಲಿ ಬೆರೆಸಿದ ಬಣ್ಣದ ಪುಡಿ. ಅದು ಕಾಗದದ ತರಿಯಲ್ಲಿ ಕೂರುತ್ತದೆ. ಮೊದಲೇ ಒತ್ತಿ ತಿಕ್ಕಿದರೆ ತರಿ ಮುಚ್ಚಿಹೋಗಿ, ಮುಂದಿನ ಬಣ್ಣ ಜಾರುತ್ತದೆ. ಆದ್ದರಿಂದ ಹಗುರ ಕೈಯಲ್ಲಿ, ಪದರದ ಮೇಲೆ ಪದರ ಕಟ್ಟಬೇಕು. ನೀವು ಆರಿಸಿದ ಹೋರಿಯೇ ಇದಕ್ಕೆ ಒಳ್ಳೆಯ ಪಾಠ. ಈ ತಳಿಯ ಕರು ಹುಟ್ಟುವಾಗ ಕೆಂಪು, ಆರು ತಿಂಗಳ ಹೊತ್ತಿಗೆ ಬೂದು. ಬೆಳೆದ ಹೋರಿಯ ಹಿಣಿಲು, ಮುಂಭಾಗ, ಹಿಂಭಾಗ ಕಡುಗಪ್ಪು. ಇಷ್ಟೊಂದು ಛಾಯೆಗಳನ್ನು ಒಂದೇ ಕಪ್ಪು ಕೊಡಲಾರದು. ತಿಳಿನೀಲಿಯ ಮೇಲೆ ಕಂದು ಹಚ್ಚಿ ಬೂದು ತನ್ನಿ; ಗೆರೆಗಳು ಕೂದಲು ಹೊರಳಿದ ದಿಕ್ಕಿಗೇ ಸಾಗಲಿ. ಬಿಸಿಲು ಬಿದ್ದ ಬೆನ್ನಿನ ಬಿಳುಪಿಗೆ ಕಾಗದವನ್ನೇ ಖಾಲಿ ಬಿಡಿ, ಏಕೆಂದರೆ ಒತ್ತಿದ ಬಣ್ಣವನ್ನು ರಬ್ಬರ್ ಪೂರ್ತಿ ಅಳಿಸದು.

ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ ಎನ್ನಬಹುದು. ನಿಜ, ಆದರೆ ಹಗುರ ಪದರವನ್ನು ತಿದ್ದಬಹುದು, ಒತ್ತಿದ್ದನ್ನು ತಿದ್ದಲಾಗದು. ಅಗ್ಗದ ಪೆನ್ಸಿಲಿನಲ್ಲಿ ಬಣ್ಣದ ಅಂಶ ಕಡಿಮೆ ಎಂಬುದೂ ಸತ್ಯವೇ. ಆದರೂ ನುಣುಪು ಕಾಗದದ ಮೇಲೆ ದುಬಾರಿ ಪೆನ್ಸಿಲೂ ಸೋಲುತ್ತದೆ. ಕೈಯಲ್ಲಿರುವ ಹಣವನ್ನು ಮೊದಲು 150 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪನೆಯ, ತರಿಯುಳ್ಳ ಕಾಗದಕ್ಕೆ ಖರ್ಚು ಮಾಡಿ. ಕಪ್ಪು ಪೆನ್ಸಿಲನ್ನು ಕೊನೆಯ ಪದರಕ್ಕಷ್ಟೇ ಮುಟ್ಟಿ.