ಯಾರು ಬಂದಿಲ್ಲ ಎಂದು ಗೊತ್ತಾಗುವ ಜಾಗ

ಮುಂದಿನ ತಿಂಗಳಿಂದ ಮನೆಯಲ್ಲಿ ಕೂಟ ಶುರು ಮಾಡುತ್ತೇವೆ ಎಂದು ಗಂಡ ಹೆಂಡತಿ ಇಬ್ಬರೂ ಬಂದು ಹೇಳಿದಿರಿ. ತುಂಬಾ ಸಂತೋಷವಾಯಿತು. ಕುರ್ಚಿ ಎಷ್ಟು ಬೇಕಾಗಬಹುದು, ಗಿಟಾರ್ ನುಡಿಸಲು ಯಾರನ್ನು ಕರೆಯೋಣ, ವಾಟ್ಸಾಪ್ ಗುಂಪಿಗೆ ಏನು ಹೆಸರಿಡೋಣ ಎಂದು ಕೇಳಿದಿರಿ. ಅವೆಲ್ಲ ಹೇಗೋ ಆಗುತ್ತವೆ. ನೀವು ಕೇಳದೆ ಬಿಟ್ಟ ಕೆಲವು ಸಂಗತಿಗಳಿವೆ. ಎಷ್ಟೋ ಮನೆಗಳ ಚಾಪೆಯ ಮೇಲೆ ಕೂತು ಎದ್ದವನು ನಾನು, ಅವನ್ನು ಹೇಳದೆ ಇರಲಾರೆ.

ಭಾನುವಾರದ ಆರಾಧನೆಗೆ ಮುನ್ನೂರು ಜನ ಸೇರುವ ಸಭೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಕಾಣದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಸಭಾಪಾಲಕರನ್ನು ದೂರಿ ಫಲವಿಲ್ಲ, ಅವರಿಗಿರುವುದೂ ಎರಡೇ ಕಣ್ಣು. ಹತ್ತು ಹನ್ನೆರಡು ಜನ ಕೂರುವ ಹಜಾರದಲ್ಲಿ ಮಾತ್ರ ಒಬ್ಬರು ಬಾರದಿದ್ದರೆ ಅವರ ಜಾಗ ಖಾಲಿ ಕಾಣುತ್ತದೆ, ಯಾರಾದರೂ ಒಬ್ಬರು ಅವರ ಹೆಸರು ಹಿಡಿದು ಕೇಳುತ್ತಾರೆ. ಮನೆಕೂಟ ಇರುವುದೇ ಇದಕ್ಕಾಗಿ. ಹಾಡು, ಊಟ, ಸಮಯ, ಜನರ ಸಂಖ್ಯೆ, ಯಾವುದರ ಬಗ್ಗೆ ತೀರ್ಮಾನ ಮಾಡುವಾಗಲೂ ಈ ಗುಣ ಉಳಿಯುತ್ತದೆಯೇ ಎಂದು ನೋಡಿಕೊಳ್ಳಿ.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರ ಜನರ ಮೇಲೆ ಮಂದಿರ ಕಟ್ಟಿದ ಸಾಲವಿತ್ತು. ತಲೆಗೆ ವಾರಕ್ಕೊಂದು ಪೆನ್ನಿ ಕೊಟ್ಟರೆ ತೀರೀತು ಎಂಬ ಮಾತು ಬಂತು. ಬಡವರಿಗೆ ಅದೂ ಆಗದಲ್ಲ ಎಂದು ಯಾರೋ ಅಂದಾಗ, ಕ್ಯಾಪ್ಟನ್ ಫಾಯ್ ಎಂಬಾತ ಮುಂದೆ ಬಂದ. ತೀರಾ ಬಡವರಾದ ಹನ್ನೊಂದು ಜನರನ್ನು ನನಗೆ ವಹಿಸಿ, ವಾರವಾರ ನಾನೇ ಹೋಗಿ ಕೇಳುತ್ತೇನೆ, ಅವರಿಗೆ ಆಗದಿದ್ದರೆ ನಾನೇ ತುಂಬುತ್ತೇನೆ ಎಂದ. ಉಳಿದವರೂ ಹಾಗೇ ಹಂಚಿಕೊಂಡರು. ಪೆನ್ನಿ ಕೇಳಲು ಬಾಗಿಲು ತಟ್ಟಿದವರಿಗೆ ಒಳಗಿನ ಬದುಕು ಕಾಣತೊಡಗಿತು. ಒಂದು ಮನೆಯಲ್ಲಿ ಗಂಡ ಹೆಂಡತಿಯ ಜಗಳ, ಇನ್ನೊಂದರಲ್ಲಿ ಕುಡಿತ. ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಯವರಿಗೆ ಹೊಳೆಯಿತು. ಮೆಥೊಡಿಸ್ಟರ ಕ್ಲಾಸ್ ಕೂಟಗಳು ಹುಟ್ಟಿದ್ದು ಹೀಗೆ, ಸಾಲ ವಸೂಲಿಯಿಂದ.

ಆದ್ದರಿಂದ ನಿಮ್ಮ ಕೆಲಸದ ಅರ್ಧ ಭಾಗ ಕೂಟವಿಲ್ಲದ ದಿನಗಳಲ್ಲಿದೆ. ಬುಧವಾರ ಕೂಟವಾದರೆ ಶನಿವಾರದೊಳಗೆ, ಬಾರದಿದ್ದವರಲ್ಲಿ ಒಬ್ಬರ ಮನೆಗಾದರೂ ಹೋಗಿ ಬನ್ನಿ. ಹೋದಾಗ ‘ಯಾಕೆ ಬರಲಿಲ್ಲ’ ಎಂದು ಕೇಳಬೇಡಿ. ಹಾಗೆ ಕೇಳಿಸಿಕೊಂಡವರು ನೆಪ ಹೇಳುತ್ತಾರೆ, ಮುಂದಿನ ಸಲ ನಿಮ್ಮನ್ನು ಕಂಡರೆ ಓಣಿ ಬದಲಿಸುತ್ತಾರೆ. ಅಮ್ಮನ ಮೊಣಕಾಲು ಹೇಗಿದೆ, ಮಗನ ಫಲಿತಾಂಶ ಬಂತೇ ಎಂದು ಕೇಳಿ, ಕೊಟ್ಟ ಚಹಾ ಕುಡಿದು ಎದ್ದು ಬನ್ನಿ.

ನಿಮ್ಮ ಸಭಾಪಾಲಕರಿಗೆ ಮೊದಲೇ ಹೋಗಿ ತಿಳಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆಯ ಸಭೆಗಳಿಗೆ ಮನೆಕೂಟ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಬೇರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಮನೆಕೂಟಗಳಲ್ಲಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಆ ಸೀಮೆಯವರೇ. ಅಲ್ಲಿಯ ಕೂಟಗಳಿಗೂ ಮುಂಚೆ, 1670ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಸಭಾಪಾಲಕರು ತಮ್ಮ ಮನೆಯಲ್ಲೇ ಕೂಟ ಆರಂಭಿಸಿದ್ದರು. ಅದರಲ್ಲಿ ಕೆಲವರು ಕೊನೆಗೆ ಸಭೆಯನ್ನೇ ಬಿಟ್ಟು ಹೊರನಡೆದರು. ವ್ಯೂರ್ಟೆಂಬರ್ಗ್‌ನಲ್ಲಿ 1743ರಲ್ಲಿ ಇಂಥ ಕೂಟಗಳಿಗೆ ಅಧಿಕೃತ ಒಪ್ಪಿಗೆ ಸಿಕ್ಕಿತು, ಆದರೆ ಊರ ಪಾದ್ರಿಯ ಮೇಲ್ವಿಚಾರಣೆ ಇರಬೇಕು ಎಂಬ ಷರತ್ತು ಜೊತೆಗಿತ್ತು. ಆ ಷರತ್ತು ನನಗೆ ಇವತ್ತಿಗೂ ಸರಿ ಎನಿಸುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಸಭಾಪಾಲಕರನ್ನು ಕರೆಯಿರಿ, ಬಂದಾಗ ಪ್ರಸಂಗ ಮಾಡಿಸದೆ ನಿಮ್ಮ ನಡುವೆ ಕೂರಿಸಿಕೊಳ್ಳಿ. ಭಾನುವಾರದ ಪ್ರಸಂಗದಲ್ಲಿ ತಪ್ಪು ಹುಡುಕುವ ಮಾತು ನಿಮ್ಮ ಹಜಾರದಲ್ಲಿ ಒಮ್ಮೆ ಶುರುವಾಯಿತೋ, ಆರು ತಿಂಗಳಲ್ಲಿ ಅದು ಬೇರೆ ಪಂಗಡವಾಗುತ್ತದೆ.

ಈಗ ವಾಕ್ಯ ಓದುವ ವಿಷಯ. ಎಲ್ಲ ಕಡೆ ಒಂದೇ ರೂಢಿ, ಸತ್ಯವೇದವನ್ನು ಸರದಿಯಲ್ಲಿ ದಾಟಿಸುತ್ತ ಒಬ್ಬೊಬ್ಬರು ಒಂದೊಂದು ವಚನ ಓದುವುದು. ನಮ್ಮ ಒಂದು ಕೂಟಕ್ಕೆ ವಯಸ್ಸಾದ ತಾಯಿಯೊಬ್ಬರು ತಪ್ಪದೆ ಬರುತ್ತಿದ್ದರು. ಹಾಡಿನಲ್ಲಿ ಎಲ್ಲರಿಗಿಂತ ಅವರ ದನಿ ಮುಂದು. ಓದು ಶುರುವಾಗಿ ಪುಸ್ತಕ ಅವರಿಗಿಂತ ಎರಡು ಜನ ಈಚೆಗೆ ಬರುವಷ್ಟರಲ್ಲಿ ಎದ್ದು, ಲೋಟ ತೊಳೆಯುತ್ತೇನೆಂದು ಒಳಗೆ ಹೋಗಿಬಿಡುತ್ತಿದ್ದರು. ಅದನ್ನು ಗಮನಿಸಿದ್ದು ನನ್ನ ಹೆಂಡತಿ. ಅವರಿಗೆ ಓದಲು ಬರುತ್ತಿರಲಿಲ್ಲ. ಮರುವಾರದಿಂದ ಸರದಿ ಓದು ನಿಲ್ಲಿಸಿದೆವು. ಒಬ್ಬರು ಎರಡು ಸಲ ನಿಧಾನವಾಗಿ ಓದುವುದು, ಪುಸ್ತಕ ಮುಚ್ಚುವುದು, ಆಮೇಲೆ ಬೇಕಾದವರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳುವುದು. ಆವತ್ತು ಲೂಕನ ಸುವಾರ್ತೆಯ 15ನೇ ಅಧ್ಯಾಯದ, ಕಳೆದುಹೋದ ನಾಣ್ಯದ ಸಾಮ್ಯ. ಆ ತಾಯಿ ಮಾತಾಡಿದರು. ಮಣ್ಣಿನ ನೆಲದ ಸಂದಿಗೆ ಬಿದ್ದ ನಾಣ್ಯ ಕಣ್ಣಿಗೆ ಕಾಣುವುದಿಲ್ಲ, ಕಸಬರಿಗೆ ತಾಗಿ ಕಿಣಿ ಅಂದಾಗಲೇ ಗೊತ್ತಾಗುವುದು, ಅದಕ್ಕೇ ಆ ಹೆಂಗಸು ದೀಪ ಹಚ್ಚಿದ್ದು ಸಾಲದೆ ಗುಡಿಸಿದ್ದು ಎಂದರು. ದೇವಶಾಸ್ತ್ರ ಓದಿದ ಯಾರ ಬಾಯಲ್ಲೂ ಆ ಮಾತನ್ನು ನಾನು ಕೇಳಿರಲಿಲ್ಲ. ನಿಮ್ಮ ಕೂಟದಲ್ಲೂ ಲೋಟ ತೊಳೆಯಲು ಏಳುವವರು ಇರುತ್ತಾರೆ. ಯಾವಾಗ ಏಳುತ್ತಾರೆ ಎಂದು ನೋಡಿ.

ನೀವು ಕಡಿಮೆ ಮಾತಾಡಿ. ಒಳ್ಳೆಯ ಪ್ರಶ್ನೆ ಒಂದೋ ಎರಡೋ ಸಿದ್ಧ ಮಾಡಿಕೊಂಡು ಹೋಗಿ, ಕೇಳಿದ ಮೇಲೆ ಸುಮ್ಮನಿರಿ. ಮೌನ ಅರ್ಧ ನಿಮಿಷ ಎಳೆದರೆ ನಿಮಗೆ ಕಸಿವಿಸಿಯಾಗುತ್ತದೆ, ಆದರೂ ತುಂಬಲು ಹೋಗಬೇಡಿ. ಪ್ರತಿ ಕೂಟದಲ್ಲೂ ಎಲ್ಲ ಪ್ರಶ್ನೆಗೂ ಉತ್ತರ ಕೊಡುವ ಸಹೋದರರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಎಲ್ಲರೆದುರು ತಡೆಯಬೇಡಿ. ಬೇರೆಯಾಗಿ ಸಿಕ್ಕಿ, ಇಂಥವರು ಬಾಯಿ ಬಿಡುವಂತೆ ಮಾಡಲು ನಿಮ್ಮ ಸಹಾಯ ಬೇಕು ಎಂದು ಕೇಳಿ, ಬಹುಮಟ್ಟಿಗೆ ಒಪ್ಪುತ್ತಾರೆ. ಹೇಳಿದ ಹೊತ್ತಿಗೆ ಮುಗಿಸಿ. ತ್ರೋವದಲ್ಲಿ ಪೌಲನೇ ನಡುರಾತ್ರಿಯವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯೂತಿಕನೆಂಬ ಯುವಕ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಬೆಳಿಗ್ಗೆ ಆರಕ್ಕೆ ಪಾಳಿಗೆ ಹೋಗುವವರು, ಶಾಲೆಯ ಮಕ್ಕಳಿರುವವರು ನಿಮ್ಮಲ್ಲಿ ಇರುತ್ತಾರೆ. ಏಳೂವರೆಗೆ ಶುರುವಾದದ್ದು ಒಂಬತ್ತಕ್ಕೆ ಮುಗಿಯಲಿ.

ತಿಂಡಿಯ ವಿಷಯದಲ್ಲಿ ನಾನು ಹಟಮಾರಿ. ಚಹಾ, ಬೇಕಾದರೆ ಒಂದು ತಟ್ಟೆ ಚುರುಮುರಿ, ಅಷ್ಟೇ. ಮೊದಲ ಮನೆಯಲ್ಲಿ ಉಪ್ಪಿಟ್ಟು ಮಾಡಿದರೆ ಎರಡನೆಯವರು ಕೇಸರಿಬಾತ್ ಸೇರಿಸುತ್ತಾರೆ, ಮೂರನೆಯವರು ಬಿರಿಯಾನಿಗೆ ಹೋಗುತ್ತಾರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ನಾಲ್ಕನೆಯ ಹೆಂಗಸು ‘ನಮ್ಮ ಮನೆಯಲ್ಲಿ ಜಾಗ ಇಲ್ಲ ಅಣ್ಣಾ’ ಎನ್ನುತ್ತಾಳೆ. ಅವಳಲ್ಲಿ ಜಾಗವಿದೆ, ಬಿರಿಯಾನಿಗೆ ದುಡ್ಡಿಲ್ಲ. ಕೊರಿಂಥದ ಸಭೆಯನ್ನು ಪೌಲ ಗದರಿಸಿದ್ದೂ ಇಂಥ ಕಾರಣಕ್ಕೇ, ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದು ನಾಚುವಂತಾಗಿತ್ತು. ಕೂಟ ಅವಳ ಕೋಣೆಗೂ ಹೋಗಬೇಕು. ಅವಳ ಮನೆಯ ಬಲ್ಬಿನ ಕೆಳಗೆ ಒಮ್ಮೆ ಕೂತು ಬಂದವರಿಗೆ ಅವಳಿಗಾಗಿ ಪ್ರಾರ್ಥಿಸುವ ರೀತಿಯೇ ಬೇರೆಯಾಗುತ್ತದೆ.

ಹಣದ ಬಗ್ಗೆಯೂ ಖಡಾಖಂಡಿತವಾಗಿರಿ. ಕೂಟದಲ್ಲಿ ಚೀಟಿ ಎತ್ತುವುದು, ವಿಮೆ ಮಾರುವುದು, ಸದಸ್ಯರನ್ನು ಸೇರಿಸಿದರೆ ಕಮಿಷನ್ ಕೊಡುವ ಸಾಮಾನಿನ ವ್ಯಾಪಾರ, ಯಾವುದಕ್ಕೂ ಬಾಗಿಲು ತೆರೆಯಬೇಡಿ. ನಂಬಿಕೆಯ ಜನ ಒಂದೆಡೆ ಸೇರಿದ್ದಾರೆಂದರೆ ಅವರ ನಂಬಿಕೆಯನ್ನೇ ಬಂಡವಾಳ ಮಾಡಿಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಯಾರದಾದರೂ ಆಸ್ಪತ್ರೆ ಖರ್ಚಿಗೆ ದುಡ್ಡು ಕೂಡಿಸಿದರೆ ಇಬ್ಬರು ಎಣಿಸಲಿ, ಎಷ್ಟು ಬಂತು ಎಷ್ಟು ಕೊಟ್ಟೆವು ಎಂದು ಮರುವಾರ ಓದಿ ಹೇಳಿ.

ಇನ್ನು ಪ್ರಾರ್ಥನಾ ವಿಜ್ಞಾಪನೆ. ಒಬ್ಬ ಹುಡುಗಿಯ ನಿಶ್ಚಯವಾದ ಮದುವೆ ಮುರಿಯಿತು ಎಂದು ಅವಳ ತಾಯಿ ಕೂಟದಲ್ಲಿ ಕಣ್ಣೀರಿಟ್ಟರು. ರಾತ್ರಿ ಹತ್ತರೊಳಗೆ ‘ದಯವಿಟ್ಟು ಈ ಕುಟುಂಬಕ್ಕಾಗಿ ಪ್ರಾರ್ಥಿಸಿ’ ಎಂದು ಹೆಸರು ಸಮೇತ ಸಂದೇಶ ಮೂರು ವಾಟ್ಸಾಪ್ ಗುಂಪು ದಾಟಿತ್ತು. ಕಳಿಸಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ತಾಯಿ ಮಗಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ನಿಮ್ಮ ಗುಂಪು ಬರೀ ವಾರ, ವೇಳೆ, ವಿಳಾಸ ತಿಳಿಸಲಿಕ್ಕೆ ಇರಲಿ. ಹಜಾರದಲ್ಲಿ ಕೇಳಿದ್ದು ಹಜಾರದಲ್ಲೇ ಉಳಿಯಬೇಕೆಂದು ಮೊದಲ ದಿನವೇ ಹೇಳಿ, ಹೊಸಬರು ಬಂದಾಗಲೆಲ್ಲ ಮತ್ತೆ ಹೇಳಿ.

ಎರಡು ವಿಷಯದಲ್ಲಿ ಮಾತ್ರ ಮೃದುವಾಗಬೇಡಿ. ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಮನಸಾರೆ ಪ್ರಾರ್ಥಿಸಿ, ಆದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಮಾನಸಿಕ ಕಾಯಿಲೆಯ ಮಾತ್ರೆಯನ್ನೋ ನಿಲ್ಲಿಸುವುದೇ ವಿಶ್ವಾಸ ಎಂದು ಯಾರಾದರೂ ಅಂದರೆ ಆ ಕ್ಷಣವೇ, ಅಲ್ಲೇ, ತಪ್ಪು ಎಂದು ಹೇಳಿ. ನಾಚಿಕೆಯಿಂದ ಸುಮ್ಮನಿದ್ದರೆ ಜೀವ ಹೋಗುತ್ತದೆ. ಹೊಡೆತ ತಿನ್ನುವ ಹೆಂಗಸು ಬಂದು ಹೇಳಿಕೊಂಡಾಗಲೂ ಅಷ್ಟೇ. ‘ತಾಳಿಕೋ ತಾಯಿ, ಕರ್ತನು ಅವನ ಮನಸ್ಸು ಮಾರ್ಪಡಿಸುತ್ತಾನೆ’ ಎಂದು ಹೇಳಿ ಅದೇ ಮನೆಗೆ ವಾಪಸು ಕಳಿಸಬೇಡಿ. ಅವತ್ತು ರಾತ್ರಿ ಅವಳಿಗೂ ಮಕ್ಕಳಿಗೂ ಮಲಗಲು ಸುರಕ್ಷಿತ ಜಾಗ ಬೇಕು. 181ಕ್ಕೆ ಕರೆ ಮಾಡಲು, ಠಾಣೆಗೆ ಹೋಗಲು ಜೊತೆಗೊಬ್ಬರು ಬೇಕು. ಪ್ರಾರ್ಥನೆ ಅದೆಲ್ಲದರ ಜೊತೆ ನಡೆಯಲಿ.

ಅಕ್ಕಪಕ್ಕದವರಿಗೆ ಮೊದಲೇ ಹೋಗಿ ಹೇಳಿ, ಬುಧವಾರ ಸಂಜೆ ಒಂದಷ್ಟು ಜನ ಬರುತ್ತಾರೆ, ಗಾಡಿ ನಿಲ್ಲಿಸಿ ತೊಂದರೆಯಾದರೆ ನಮಗೆ ತಿಳಿಸಿ ಎಂದು. ಹನ್ನೆರಡು ಜನರ ಕೋಣೆಗೆ ಮೈಕು ಬೇಡವೇ ಬೇಡ. ಬೇರೆ ಧರ್ಮದ ಗೆಳೆಯರು ತಾವಾಗಿ ಬಂದರೆ ಮನೆಗೆ ಬಂದ ಅತಿಥಿಯಂತೆ ಕಾಣಿ. ಅವರ ಬರವನ್ನು ಭಾನುವಾರ ಸಾಕ್ಷಿಯಾಗಿ ಸಾರಬೇಡಿ, ಫೋಟೋ ತೆಗೆಯಬೇಡಿ, ಸಹಾಯ ಮಾಡಿದರೆ ಏನನ್ನೂ ನಿರೀಕ್ಷಿಸದೆ ಮಾಡಿ. 2022ರಲ್ಲಿ ಮತಾಂತರದ ಕಾನೂನು ಬಂದಮೇಲೆ ಎಷ್ಟೋ ಮನೆಗಳಲ್ಲಿ ಕದ ಹಾಕಿಕೊಂಡು ಪ್ರಾರ್ಥಿಸುವ ಅಂಜಿಕೆ ಹುಟ್ಟಿದೆ, ನನಗೆ ಅದರ ನೋವಿದೆ. ನೀವು ಕದ ತೆರೆದೇ ಇಡಿ. ಒತ್ತಾಯ, ಆಮಿಷಗಳ ನೆರಳೂ ಇಲ್ಲದ ಕೂಟವನ್ನು ಯಾರು ಬೇಕಾದರೂ ಇಣುಕಿ ನೋಡಲಿ.

ಕೂಟ ಬೆಳೆಯಬೇಕೆಂದು ನಿಮಗೆ ಆಸೆ, ಅದು ಒಳ್ಳೆಯ ಆಸೆಯೇ. ಸಿರಿಯಾದ ಯೂಫ್ರೆಟಿಸ್ ದಡದಲ್ಲಿ ದೂರಾ ಯೂರೋಪಸ್ ಎಂಬ ಹಾಳೂರಿದೆ. ಅಲ್ಲಿ 1930ರ ದಶಕದ ಉತ್ಖನನದಲ್ಲಿ, ಕ್ರಿಸ್ತಶಕ 240ರ ಹೊತ್ತಿಗೆ ಸಭೆಯಾಗಿ ಮಾರ್ಪಾಡಾಗಿದ್ದ ಒಂದು ಮನೆ ಸಿಕ್ಕಿತು. ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಒಂದೇ ಹಜಾರ ಮಾಡಿದ್ದರು. ದೇವಾಲಯ ಕಟ್ಟುವ ಸ್ಥಿತಿಯಲ್ಲಿಲ್ಲದ ಅವರಿಗೆ ಬೇರೆ ದಾರಿ ಇದ್ದಿರಲಾರದು. ನಿಮಗೆ ಭಾನುವಾರಕ್ಕೆ ದೇವಾಲಯವಿದೆ. ನಿಮ್ಮ ಹಜಾರ ತುಂಬಿದಾಗ ಗೋಡೆ ಒಡೆಯಬೇಡಿ, ಇನ್ನೊಂದು ಮನೆ ಹುಡುಕಿ. ದೊಡ್ಡವರೇ ಹದಿನೈದು ಜನ ದಾಟಿದರೆಂದರೆ ಯಾರು ಬಂದಿಲ್ಲ ಎಂಬುದು ನಿಮಗೆ ಗೊತ್ತಾಗದೆ ಹೋಗುತ್ತದೆ.

ಮೊದಲ ತಿಂಗಳಿನಿಂದಲೇ ಒಬ್ಬರನ್ನು ಪಕ್ಕದಲ್ಲಿ ಬೆಳೆಸಿಕೊಳ್ಳಿ, ತಿಂಗಳಿಗೊಮ್ಮೆ ಅವರೇ ನಡೆಸಲಿ, ನೀವು ಅವತ್ತು ಚಹಾ ಕೊಡಿ. ಆ ಇನ್ನೊಂದು ಮನೆಗೆ ಕೆಲವರನ್ನು ಕಳಿಸುವ ಹೊತ್ತು ಬಂದಾಗ ಒಳ್ಳೆಯವರನ್ನು ಉಳಿಸಿಕೊಂಡು ಉಳಿದವರನ್ನು ಕಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಹೆಪ್ಪು ಹಾಕಲು ಯಾರೂ ಹುಳಿ ನೀರು ಕೊಡುವುದಿಲ್ಲ, ಗಟ್ಟಿ ಮೊಸರೇ ಕೊಡುತ್ತಾರೆ. ಅಕ್ವಿಲ ಮತ್ತು ಪ್ರಿಸ್ಕಿಲ್ಲರನ್ನು ನೋಡಿ. ಗುಡಾರ ಹೊಲಿಯುವ ದಂಪತಿ. ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದರು, ಅಲ್ಲಿಂದ ಎಫೆಸಕ್ಕೆ, ಮತ್ತೆ ರೋಮ್‌ಗೆ. ಎಫೆಸದಲ್ಲಿ ಅವರ ಮನೆಯಲ್ಲಿ ಸಭೆ ಸೇರುತ್ತಿತ್ತು, ರೋಮ್‌ನಲ್ಲೂ ಸೇರುತ್ತಿತ್ತು. ಕೊರಿಂಥದಲ್ಲಿ ತನ್ನ ಜೊತೆ ದುಡಿದ ಇಂಥವರನ್ನು ಪೌಲ ತನ್ನ ಬಳಿಯೇ ಇಟ್ಟುಕೊಳ್ಳಲಿಲ್ಲ, ಎಫೆಸದಲ್ಲಿ ಬಿಟ್ಟು ಮುಂದೆ ಹೋದ. ವಾಗ್ಮಿ ಅಪೊಲ್ಲೋಸನಿಗೆ ತಿಳಿವಳಿಕೆ ಸಾಲದೆಂದು ಕಂಡಾಗ ಅವರು ಅವನನ್ನು ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು. ಹೇಳಿದವರಲ್ಲಿ ಪ್ರಿಸ್ಕಿಲ್ಲಳ ಹೆಸರು ಮೊದಲು ಬರುತ್ತದೆ. ನಿಮ್ಮ ಹೆಂಡತಿ ಬರೀ ಚಹಾ ಮಾಡಲಿಕ್ಕೆ ಇದ್ದಾರೆಂದು ಯಾರೂ ತಿಳಿಯದಿರಲಿ.

ಮೊದಲ ಬುಧವಾರಕ್ಕೆ ಫಿಲೆಮೋನನ ಪತ್ರ ತೆಗೆದುಕೊಳ್ಳಿ. ಒಂದೇ ಅಧ್ಯಾಯ, 25 ವಚನ. ಅದು ಫಿಲೆಮೋನನಿಗೆ ಮಾತ್ರವಲ್ಲ, ಅವನ ಮನೆಯಲ್ಲಿ ಕೂಡುವ ಸಭೆಗೂ ಬರೆದದ್ದು. ಒಡೆಯನನ್ನು ಬಿಟ್ಟು ಹೋಗಿದ್ದ ದಾಸ ಒನೇಸಿಮನನ್ನು ಇನ್ನು ಮುಂದೆ ಪ್ರಿಯ ಸಹೋದರನೆಂದು ಸೇರಿಸಿಕೋ ಎಂದು ಪೌಲ ಅದರಲ್ಲಿ ಕೇಳುತ್ತಾನೆ. ಎರಡು ಸಲ ಓದಿಸಿ, ಪುಸ್ತಕ ಮುಚ್ಚಿಸಿ. ಮುಂದಿನ ಕೂಟಕ್ಕೆ ಒನೇಸಿಮ ಒಳಗೆ ಬಂದಾಗ ಯಾರ ಪಕ್ಕ ಕೂತಿರಬಹುದು ಎಂಬ ಒಂದೇ ಪ್ರಶ್ನೆ ಕೇಳಿ. ಮೊದಲು ಮಾತಾಡಿದವರು ಯಾರೆಂದು ಗುರುವಾರ ಬೆಳಿಗ್ಗೆ ನನಗೆ ಫೋನ್ ಮಾಡಿ.