ಮಿದುಳನ್ನು ಅಳೆಯುವಲ್ಲಿ ಒಂದು ತೊಡಕು

ವೃದ್ಧರೊಬ್ಬರ ಮಿದುಳು ತರುಣನ ಮಿದುಳಿಗಿಂತ ಕಡಿಮೆ ಸಕ್ಕರೆಯನ್ನು ಬಳಸುತ್ತಿದೆಯೆಂದು ಯಂತ್ರವೊಂದು ತೋರಿಸಿತೆನ್ನೋಣ. ಅಲ್ಲಿಯ ಜೀವಕೋಶಗಳು ಬಳಲಿವೆಯೇ? ಅಥವಾ ಅಂಗಾಂಶವೇ ಸವೆದು, ಉಳಿದ ಭಾಗವು ಮೊದಲಿನಂತೆಯೇ ದುಡಿಯುತ್ತಿದೆಯೇ? ವೈದ್ಯನಿಗೆ ಇವೆರಡೂ ಒಂದೇ ಅಲ್ಲ. ಆದರೆ ‘ಪೆಟ್’ ಎಂಬ ಪಾಸಿಟ್ರಾನ್ ಚಿತ್ರಣದಲ್ಲಿ ಇವೆರಡೂ ಬೆರೆತುಹೋಗುತ್ತವೆ.

ಈ ವಿಧಾನದಲ್ಲಿ ಗ್ಲೂಕೋಸನ್ನು ಹೋಲುವ ವಸ್ತುವೊಂದಕ್ಕೆ ಫ್ಲೂರಿನ್-18 ಎಂಬ ವಿಕಿರಣಶೀಲ ಪರಮಾಣುವನ್ನು ಜೋಡಿಸಿ ರಕ್ತಕ್ಕೆ ಸೇರಿಸುವರು. ಸುಮಾರು 110 ನಿಮಿಷಗಳಲ್ಲಿ ಈ ಪರಮಾಣುಗಳ ಅರ್ಧಭಾಗವು ಕ್ಷಯಿಸುತ್ತದೆ. ಆಗ ಹೊಮ್ಮುವ ಪಾಸಿಟ್ರಾನು ಅಲ್ಪದೂರ ಚಲಿಸಿ ಎಲೆಕ್ಟ್ರಾನೊಂದನ್ನು ಸಂಧಿಸಲು, ಎರಡೂ ಅಳಿದು, ಹೆಚ್ಚುಕಡಿಮೆ ವಿರುದ್ಧ ದಿಕ್ಕುಗಳಿಗೆ ಎರಡು ಗಾಮಾ ಕಿರಣಗಳು ಹೊರಡುತ್ತವೆ. ತಲೆಯನ್ನು ಬಳಸಿನಿಂತ ಗ್ರಾಹಕಗಳು ಅವನ್ನು ಏಕಕಾಲದಲ್ಲಿ ಹಿಡಿದು ಚಿತ್ರಕ್ಕೆ ಆಧಾರ ಒದಗಿಸುತ್ತವೆ.

ಸಾಮಾನ್ಯ ಯಂತ್ರವು ಸುಮಾರು 4ರಿಂದ 6 ಮಿಲಿಮೀಟರಿಗಿಂತ ಸೂಕ್ಷ್ಮವಾದುದನ್ನು ಬಿಡಿಸಿ ಕಾಣಲಾರದು. ಮಿದುಳಿನ ಹೊರಪದರವಾದ ಬೂದುಭಾಗವಾದರೋ 2ರಿಂದ 4 ಮಿಲಿಮೀಟರಿನಷ್ಟೇ ದಪ್ಪ. ಒದ್ದೆಯ ಕಾಗದದ ಮೇಲೆಳೆದ ಶಾಯಿಯ ಗೆರೆಯು ಅಗಲವಾಗಿ ಹರಡಿ ಮಂಕಾಗುವಂತೆ, ಈ ಪದರವೂ ಚಿತ್ರದಲ್ಲಿ ಹರಡಿ ಮಂಕಾಗುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಬೂದುಭಾಗದ ನಿಜವಾದ ಬೆಲೆ 4, ಬಿಳಿಯ ಭಾಗದ್ದು 1, ಮಿದುಳನ್ನು ಸುತ್ತಿರುವ ದ್ರವದ್ದು ಸೊನ್ನೆ ಎಂದಿರಲಿ. ಚಿತ್ರದ ಒಂದು ಬಿಂದುವಿನಲ್ಲಿ ಇವು ಕ್ರಮವಾಗಿ ಶೇಕಡಾ 50, 20, 30ರಷ್ಟು ಸೇರಿದ್ದರೆ ಯಂತ್ರವು ಓದುವ ಬೆಲೆ 2.2. ಬೂದುಭಾಗವು ಸವೆದು ಶೇಕಡಾ 35ಕ್ಕೆ ಇಳಿದು, ಆ ತೆರವನ್ನು ದ್ರವವು ತುಂಬಿದರೆ ಓದುವ ಬೆಲೆ 1.6. ಉಳಿದ ಕೋಶಗಳ ದುಡಿಮೆ ಎಳ್ಳಷ್ಟೂ ಕುಗ್ಗಿಲ್ಲ; ಆದರೂ ಅಳತೆಯು ಕಾಲುಭಾಗಕ್ಕಿಂತ ಹೆಚ್ಚಾಗಿ ಕುಸಿಯಿತು!

ಇದನ್ನು ತಿದ್ದುವ ಒಂದು ಮಾರ್ಗವನ್ನು 1992ರಲ್ಲಿ ಮುಲ್ಲರ್-ಗಾರ್ಟ್‌ನರ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದೇ ವ್ಯಕ್ತಿಯ ಎಂ.ಆರ್.ಐ. ಚಿತ್ರದಿಂದ ಪ್ರತಿ ಬಿಂದುವಿನಲ್ಲಿ ಬೂದು ಎಷ್ಟು, ಬಿಳಿ ಎಷ್ಟು ಎಂಬುದನ್ನು ತಿಳಿದು, ಯಂತ್ರದ ಮಸುಕನ್ನೂ ಲೆಕ್ಕಕ್ಕೆ ಹಿಡಿದು, ಬಿಳಿಯ ಪಾಲನ್ನು ಕಳೆದು, ಉಳಿದುದನ್ನು ಬೂದುಪಾಲಿನಿಂದ ಭಾಗಿಸುವುದೇ ಅದರ ತಿರುಳು. 1.6ರಿಂದ 0.2 ಕಳೆದು 0.35ರಿಂದ ಭಾಗಿಸಿರಿ, 4 ಮರಳಿ ದೊರೆಯುತ್ತದೆ.

ಕಾಗದದ ಮೇಲೆ ಇದು ಸುಲಭ. ತಲೆಯು ಕೊಂಚ ಅಲುಗಿ ಎರಡು ಚಿತ್ರಗಳು ಸರಿಯಾಗಿ ಹೊಂದದಿದ್ದರೆ ಪಾಲುಗಳೇ ತಪ್ಪುತ್ತವೆ. ಚಿಕ್ಕ ಪಾಲಿನಿಂದ ಭಾಗಿಸಿದಾಗ ಅಳತೆಯ ಏರಿಳಿತಗಳೂ ಹಿಗ್ಗುತ್ತವೆ. ಆದುದರಿಂದ ತಿದ್ದಿದ ಬೆಲೆಯೊಡನೆ ತಿದ್ದದ ಬೆಲೆಯನ್ನೂ ಕೊಡುವುದೇ ನ್ಯಾಯವೆಂದು ನನಗೆ ತೋರುತ್ತದೆ.

2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ವೃದ್ಧರ ಮಿದುಳಿನ ಹೊರಪದರದಲ್ಲಿ ಕಂಡಿದ್ದ ರಕ್ತಪ್ರವಾಹದ ಇಳಿತವು ಇಂತಹ ತಿದ್ದುಪಡಿಯ ಬಳಿಕ ಗಣನೀಯವಾಗಿ ಉಳಿಯಲಿಲ್ಲ. ಆಲ್ಝೈಮರ್ ರೋಗಿಗಳನ್ನು ಕುರಿತ 1998ರ ಅಧ್ಯಯನದಲ್ಲಾದರೋ, ಸವೆತವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಸಕ್ಕರೆಯ ಬಳಕೆ ಕಡಿಮೆಯಾಗಿಯೇ ಉಳಿದಿತ್ತು.